ನಾನು ಸೋಮಾರಿಯೋ, ಮನಸ್ಸಿಗೆ ಏನಾದರೂ ಆಗಿದೆಯೋ?

ಪ್ರಶ್ನೆ: ನನಗೆ 32 ವರ್ಷ. ಕೆಲಸ ಬರುತ್ತೆ, ಮಾಡಲೇಬೇಕು ಅಂತಲೂ ಗೊತ್ತು. ಆದರೆ ಕೂರೋಕೆ ಆಗಲ್ಲ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಕೊಡೋದನ್ನು ಇವತ್ತು ನಾಳೆ ಅಂತ ತಳ್ಳಿ 5,000 ರೂಪಾಯಿ ಲೇಟ್ ಫೀ ಕಟ್ಟಿದ್ದೇನೆ. ಆಫೀಸಿನ ರಿಪೋರ್ಟ್ ಬರೆಯಬೇಕಾದ ರಾತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸ್ತಾ ಇರ್ತೇನೆ. ಅಮ್ಮ ಸೋಮಾರಿ ಅಂತಾರೆ. ನಾನು ನಿಜವಾಗಲೂ ಸೋಮಾರಿಯಾ, ಅಥವಾ ಇದು ಮನಸ್ಸಿನ ಕಾಯಿಲೆಯಾ?

ಉತ್ತರ: ರಾತ್ರಿ ಹನ್ನೊಂದು ಗಂಟೆಗೆ ಡಬ್ಬಿ ಒರೆಸುವವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೋಮಾರಿಗೆ ಕೆಲಸ ಬಿಟ್ಟು ಕೂತರೆ ಹಾಯೆನಿಸುತ್ತದೆ. ನಿಮಗೆ ಕೂತರೂ ನೆಮ್ಮದಿಯಿಲ್ಲ, ಎದ್ದರೂ ಇಲ್ಲ. ನಮ್ಮಲ್ಲಿ 'ಮೈಗಳ್ಳ' ಎಂಬ ಮಾತಿದೆ. ನಿಮ್ಮ ವಿಷಯದಲ್ಲಿ ಮೈ ದುಡಿಯುತ್ತಲೇ ಇದೆ, ಅವಿತುಕೊಂಡಿರುವುದು ಮನಸ್ಸು. ಯಾವುದಕ್ಕೆ ಹೆದರಿ ಅವಿತಿದೆ ಎಂಬುದನ್ನು ನೋಡಬೇಕು.

ಮೊದಲು ಕಾಯಿಲೆಯ ಮಾತು. ಕೆಲಸ ಮುಂದೂಡುವುದೇ ಒಂದು ಕಾಯಿಲೆ ಅಂತ ಮನೋವೈದ್ಯರ ಪಟ್ಟಿಗಳಲ್ಲಿ ಇಲ್ಲ. ಅದು ಕೆಮ್ಮಿನ ಹಾಗೆ. ಧೂಳಿಗೂ ಬರುತ್ತದೆ, ಟಿಬಿಗೂ ಬರುತ್ತದೆ. ಎಲ್ಲರೂ ಒಮ್ಮೊಮ್ಮೆ ಕೆಮ್ಮುತ್ತಾರೆ. ವರ್ಷಗಟ್ಟಲೆ ಬಿಡದೆ ಕೆಮ್ಮಿದರೆ ಎದೆಯೊಳಗೆ ಏನಿದೆ ಅಂತ ನೋಡಿಸಬೇಕು, ಅಲ್ವಾ?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ದೆವ್ವ ರಾತ್ರಿ ಬಂದು ಬಾಗಿಲು ಬಡಿಯುತ್ತದೆ, ಬರಹ ಓದಿ ವಾಪಸ್ಸು ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ ಎಂಬ ನಂಬಿಕೆ. ನೀವು ಮಾಡುತ್ತಿರುವುದೂ ಅದನ್ನೇ. ರಿಪೋರ್ಟ್ ಬಾಗಿಲು ಬಡಿದಾಗ ನಿಮಗೆ ಭಯವೋ, ಬೇಜಾರೋ, ನಾಚಿಕೆಯೋ ಆಗುತ್ತದೆ. 'ನಾಳೆ ಬಾ' ಎಂದ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಇನ್ನೊಮ್ಮೆ ಕೆಲಸ ಬಂದಾಗ ಮನಸ್ಸು ಅದೇ ಬಹುಮಾನ ಕೇಳುತ್ತದೆ. ಫುಶಿಯಾ ಸಿರೋಯಿಸ್ ಮತ್ತು ಟಿಮ್ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಪ್ರಬಂಧದ ಸಾರ ಇದು: ಮುಂದೂಡುವವರಿಗೆ ಕಷ್ಟವಾಗಿರುವುದು ಸಮಯವನ್ನು ನಿಭಾಯಿಸುವುದಲ್ಲ, ಆ ಕ್ಷಣದ ಬೇಸರ ಭಯಗಳನ್ನು ನಿಭಾಯಿಸುವುದು. ಬೆಳಿಗ್ಗೆ ಐದಕ್ಕೆ ಏಳಿ, ಬಣ್ಣಬಣ್ಣದ ಟೈಮ್ ಟೇಬಲ್ ಹಾಕಿ ಎನ್ನುವ ಸಲಹೆಗಳು ಮೂರು ದಿನದಲ್ಲಿ ಮಕಾಡೆ ಮಲಗುವುದು ಇದಕ್ಕೇ.

ಆ ಹಗುರ ಸುಳ್ಳಲ್ಲ, ಸಾಲ. 1997ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಮುಂದೂಡುವವರು ಸೆಮಿಸ್ಟರಿನ ಮೊದಲಲ್ಲಿ ಉಳಿದವರಿಗಿಂತ ಆರಾಮಾಗಿದ್ದರು. ಕೊನೆಗೆ ಬರುವಷ್ಟರಲ್ಲಿ ಅವರಿಗೇ ಒತ್ತಡ ಜಾಸ್ತಿ, ಕಾಯಿಲೆ ಜಾಸ್ತಿ, ಮಾರ್ಕ್ಸ್ ಕಡಿಮೆ.

ಈಗ ನಿಮಗೊಂದು ಮರುಪ್ರಶ್ನೆ. 'ಆಮೇಲೆ ಮಾಡ್ತೀನಿ' ಎನ್ನುವ ಆ ಗಳಿಗೆಯಲ್ಲಿ ಒಳಗೆ ಏನಾಗುತ್ತದೆ?

ಹೊಟ್ಟೆಯಲ್ಲಿ ಕಸಿವಿಸಿ, 'ತಪ್ಪಾದರೆ ಏನಂತಾರೋ' ಎಂಬ ಯೋಚನೆ ಬರುತ್ತದೆ ಎಂದಾದರೆ ಅದು ಆತಂಕದ ಕಡೆಯ ದಾರಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 'ನನಗೆ ಎಲ್ಲ ಪರ್ಫೆಕ್ಟ್ ಆಗಿರಬೇಕು, ಅದಕ್ಕೇ ತಡ' ಎಂದು ಹಲವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಆದರೆ ಚೆನ್ನಾಗಿ ಮಾಡಬೇಕು ಎಂಬ ಹಂಬಲ ಇರುವವರು ಸಾಮಾನ್ಯವಾಗಿ ಮುಂದೂಡುವುದು ಕಡಿಮೆ. ಜಾಸ್ತಿ ಮುಂದೂಡುವವರು ತಪ್ಪಿಗೆ ಹೆದರುವವರು. ಹಂಬಲ ಬೇರೆ, ಹೆದರಿಕೆ ಬೇರೆ. 95 ತಂದ ಮಗುವಿಗೆ 'ಉಳಿದ ಐದು ಎಲ್ಲಿ?' ಎಂದು ಕೇಳುವ ಮನೆಗಳಲ್ಲಿ ಎರಡನೆಯದು ಚೆನ್ನಾಗಿ ಬೆಳೆಯುತ್ತದೆ. ಅಂಥವರಿಗೆ ಕೆಲಸ ಮಾಡದೆ ಬೈಸಿಕೊಳ್ಳುವುದು ವಾಸಿ. ಪೂರ್ತಿ ಮನಸ್ಸಿಟ್ಟು ಮಾಡಿಯೂ 'ಇಷ್ಟೇನಾ' ಎನಿಸಿಕೊಳ್ಳುವುದು ತಡೆಯಲಾಗದ ಮಾತು.

ಭಯವೇ ಇಲ್ಲ, ಏನೂ ಅನ್ನಿಸುವುದಿಲ್ಲ, ಸುಮ್ನೆ ಕೈಯೇ ಏಳುವುದಿಲ್ಲ ಎಂದಾದರೆ ಖಿನ್ನತೆಯನ್ನು ನೆನೆಯಬೇಕು. ಇದನ್ನು ಗುರುತಿಸಲು ಒಂದು ಸುಳಿವು ಇದೆ: ಖಿನ್ನತೆಯಲ್ಲಿ ಇಷ್ಟದ ಕೆಲಸವೂ ಮುಂದಕ್ಕೆ ಹೋಗುತ್ತದೆ. ಸ್ನಾನ, ಊಟ, ಗೆಳತಿಯ ಫೋನು, ಮೊದಲೆಲ್ಲ ಕಾಯುತ್ತಿದ್ದ ಭಾನುವಾರದ ಸಿನಿಮಾ, ಎಲ್ಲವೂ ಭಾರ. ದಿನದ ಹೆಚ್ಚು ಹೊತ್ತು, ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ ಡಾಕ್ಟರ ಹತ್ತಿರ ಹೋಗಲು ಅಷ್ಟೇ ಸಾಕು. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಿದ್ದರೂ, ಬಿ12 ಕೊರತೆಯಾದರೂ ಮೈಮನಸ್ಸು ಹೀಗೇ ಕುಸಿಯುತ್ತದೆ. ಹಾಗಾಗಿ ರಕ್ತಪರೀಕ್ಷೆ ಬರೆದುಕೊಟ್ಟರೆ 'ನನ್ನ ಮಾತು ನಂಬಲಿಲ್ಲ' ಎಂದುಕೊಳ್ಳಬೇಡಿ. ಖಿನ್ನತೆಗೆ ಮಾತ್ರೆಗಳಿವೆ. ಅದರ ಜೊತೆ ಒಂದು ಸರಳ ಚಿಕಿತ್ಸೆಯೂ ಇದೆ: ಮನಸ್ಸು ಬರಲಿ ಎಂದು ಕಾಯದೆ, ಗೊತ್ತು ಮಾಡಿದ ಹೊತ್ತಿಗೆ ಚಿಕ್ಕ ಕೆಲಸವೊಂದನ್ನು ಮಾಡುವುದು. ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ಮೂರನೆಯ ಗುಂಪಿನವರ ಪಾಡು ಬೇರೆ. ಆಸೆ ಇದೆ, ಭಯ ಅಷ್ಟಿಲ್ಲ, ಆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೊನೆಯ ದಿನಾಂಕ ಹಿಂದಿನ ರಾತ್ರಿಯವರೆಗೆ ಕಣ್ಣಿಗೇ ಬೀಳುವುದಿಲ್ಲ. ಕಂಡ ಮೇಲೆ ಒಂದೇ ರಾತ್ರಿಯಲ್ಲಿ ಹತ್ತು ದಿನದ ಕೆಲಸ. ಇದು ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ಸಮಸ್ಯೆ ಇರಬಹುದು. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗರ ಸಮಸ್ಯೆ ಎಂದೇ ಬಹಳ ಜನ ತಿಳಿದಿದ್ದಾರೆ. ಕಿಟಕಿ ಹೊರಗೆ ನೋಡುತ್ತಾ ಸದ್ದಿಲ್ಲದೆ ಕೂತ ಹುಡುಗಿಯರನ್ನು ಯಾರೂ ಗಮನಿಸಲಿಲ್ಲ. ಮೂವತ್ತು ದಾಟಿದ ಮೇಲೆ ಗೊತ್ತಾಗುವವರಲ್ಲಿ ಇಂಥವರು ಅನೇಕರು. ಆದರೆ ಇದು ಮೂವತ್ತಕ್ಕೆ ಶುರುವಾಗುವುದಿಲ್ಲ. ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣಗಳು ಇದ್ದಿರಬೇಕು ಎಂಬುದು ವೈದ್ಯರ ಲೆಕ್ಕ. ನಿದ್ದೆಗೆಟ್ಟವರಿಗೂ, ಆತಂಕ ಇರುವವರಿಗೂ ಗಮನ ನಿಲ್ಲುವುದಿಲ್ಲ. ಅದಕ್ಕೇ ಒಂದು ನಿಮಿಷದ ರೀಲ್ ನೋಡಿ ನಿಮಗೆ ನೀವೇ ಎಡಿಎಚ್‌ಡಿ ಸರ್ಟಿಫಿಕೇಟ್ ಕೊಟ್ಟುಕೊಳ್ಳಬೇಡಿ. ಮನೋವೈದ್ಯರು ಬಾಲ್ಯದ ಕಥೆ ಕೇಳಿ, ಸಾಧ್ಯವಾದರೆ ತಂದೆತಾಯಿಯನ್ನೂ ಕೇಳಿ ತೀರ್ಮಾನಿಸುತ್ತಾರೆ. ಇದ್ದರೆ ಔಷಧಿ ಇದೆ, ಹಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಗೀಳು ಕಾಯಿಲೆಯಲ್ಲೂ ಕೆಲಸ ಮುಗಿಯುವುದಿಲ್ಲ. ಬರೆದ ಸಾಲನ್ನೇ ಇಪ್ಪತ್ತು ಸಲ ನೋಡುವುದರಲ್ಲಿ ದಿನ ಕಳೆಯುತ್ತದೆ.

ಇವು ಒಂದೊಂದಾಗಿಯೇ ಬರುತ್ತವೆ ಎಂದೂ ಇಲ್ಲ. ಎಡಿಎಚ್‌ಡಿ ಇರುವ ಮಗು ಹತ್ತು ವರ್ಷ ಬೈಸಿಕೊಂಡರೆ ಅದಕ್ಕೆ ಆತಂಕವೂ ಅಂಟಿಕೊಳ್ಳುತ್ತದೆ. ಇಲ್ಲಿ ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ 'ಸೋಮಾರಿ' ಎಂಬ ಮಾತು ದೆವ್ವವನ್ನು ಇನ್ನೂ ಒಂದು ಮೊಳ ಎತ್ತರ ಮಾಡುತ್ತದೆ. ಮೊದಲು ರಿಪೋರ್ಟಿನ ಭಯ ಮಾತ್ರ ಇತ್ತು, ಈಗ ರಿಪೋರ್ಟ್ ನೆನೆದರೆ ನಾಚಿಕೆಯೂ ಆಗುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ಇನ್ನೊಂದು ಡಬ್ಬಿ ಕೆಳಗಿಳಿಯುತ್ತದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಇಷ್ಟ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ತಮ್ಮನ್ನೇ ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಂಬಿದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಒಂದು ವಾರ ಹೀಗೆ ಮಾಡಿ ನೋಡಿ. ಕೆಲಸ ತಳ್ಳಿದಾಗಲೆಲ್ಲ ಆಗ ಅನ್ನಿಸಿದ್ದನ್ನು ಒಂದೇ ಪದದಲ್ಲಿ ಬರೆದಿಡಿ. ಭಯ, ಬೋರು, ಸುಸ್ತು, ಏನಿದೆಯೋ ಅದು. ರಿಟರ್ನ್ಸ್ ಇನ್ನೂ ಬಾಕಿ ಇದ್ದರೆ ಇವತ್ತಿನ ಕೆಲಸ ಆಫೀಸಿನವರು ಕೊಡುವ ಫಾರ್ಮ್ 16 (ಸಂಬಳ, ಕಡಿತವಾದ ತೆರಿಗೆಯ ಲೆಕ್ಕ) ಹುಡುಕಿ ಡೌನ್‌ಲೋಡ್ ಮಾಡುವುದು, ಅಷ್ಟೇ. ಫೈಲ್ ಮಾಡುವುದು ಇವತ್ತಿನ ಕೆಲಸವಲ್ಲ.

ನಿಮಗೆ ಈಗಾಗಲೇ ದುಡ್ಡು ಹೋಗಿದೆ, ಮನೆಯಲ್ಲಿ ಮಾತು ಬಂದಿದೆ. ಹಾಗಾಗಿ ಒಮ್ಮೆ ತೋರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಾಯುವ ಯೋಚನೆಗಳೇನಾದರೂ ಬರುತ್ತಿದ್ದರೆ ಇವತ್ತೇ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೂ ಹೋಗಬಹುದು, ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದ್ದೇ ಇದೆ.

ಅಲ್ಲಿ ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಅಪಾಯಿಂಟ್‌ಮೆಂಟನ್ನೂ ಮುಂದೂಡಬೇಡಿ. ನಮಗೆ ಬರೆದ ಈ ಪತ್ರವನ್ನೇ ಫೋನಿನಲ್ಲಿ ತೋರಿಸಿ. ಒಂದು ಸಾಲು ಮಾತ್ರ ಅದರಲ್ಲಿ ಇಲ್ಲ: ಇದು ಯಾವಾಗಿನಿಂದ ಶುರುವಾಯಿತು, ಸ್ಕೂಲಿನಲ್ಲಿದ್ದಾಗಲೂ ಹೀಗೇ ಇತ್ತೋ, ಎರಡು ವರ್ಷದಿಂದೀಚೆಗೋ? ಡಾಕ್ಟರು ಮೊದಲು ಕೇಳುವುದು ಬಹುಶಃ ಅದನ್ನೇ. ಅಮ್ಮನನ್ನು ಕೇಳಿ ಸೇರಿಸಿಕೊಳ್ಳಿ.