57 ಟನ್ ಅಂದ್ರೆ ಎಷ್ಟು ಕಿಲೋನ್ಯೂಟನ್?

ನಮ್ಮ ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬ್ ಒಡೆಯುವ ಯಂತ್ರಗಳು ಎರಡಿವೆ. ಹೊಸದರ ಪರದೆಯಲ್ಲಿ ಅಂಕಿ ಕಿಲೋನ್ಯೂಟನ್‌ನಲ್ಲೇ ಬರುತ್ತದೆ. ಹಳೆಯದಕ್ಕೆ ಗೋಡೆ ಗಡಿಯಾರದಂಥ ದೊಡ್ಡ ಡಯಲ್, ಅದರ ಮುಳ್ಳು ತೋರಿಸುವುದು ಟನ್. ಹೊಸದು ರಿಪೇರಿಗೆ ಹೋಗಿದ್ದ ವಾರ ಹಳೆಯದರಲ್ಲೇ ಕೆಲಸ ನಡೆಸಿದೆವು. ತಕರಾರು ಹುಟ್ಟಿದ್ದು ಆಗ.

ಎಂ25 ಕಾಂಕ್ರೀಟ್, ಅಂದರೆ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಾಳಬೇಕಾದ ದರ್ಜೆ. 28 ದಿನ ತುಂಬಿದ ಮೂರು ಕ್ಯೂಬ್. ಮೊದಲನೆಯದು 57 ಟನ್‌ಗೆ ಒಡೆಯಿತು. ಪಕ್ಕದಲ್ಲೇ ನಿಂತಿದ್ದ ಸೈಟ್ ಎಂಜಿನಿಯರ್ ಬಾಯಿಲೆಕ್ಕ ಹಾಕಿದರು. ಟನ್‌ಗೆ 10 ಕಿಲೋನ್ಯೂಟನ್, ಒಟ್ಟು 570. ಕ್ಯೂಬಿನ ಮುಖ 150ಕ್ಕೆ 150 ಮಿ.ಮೀ., ಅಂದರೆ 22,500 ಚದರ ಮಿ.ಮೀ. ಭಾಗಿಸಿದರೆ ಚದರ ಮಿ.ಮೀ.ಗೆ 25.33 ನ್ಯೂಟನ್. "25 ದಾಟಿತು, ಅಲ್ವಾ ಸಾರ್?" ಅಂದರು. ನಮ್ಮ ಹುಡುಗ ರಿಜಿಸ್ಟರಿನಲ್ಲಿ ಬರೆದದ್ದು 24.84.

ಕ್ಯೂಬ್ ಅದೇ, ಮುಳ್ಳು ನಿಂತ ಜಾಗವೂ ಅದೇ. ವ್ಯತ್ಯಾಸ ಇರುವುದು ಆ ಹತ್ತರಲ್ಲಿ.

ಅಂಗಡಿಯಲ್ಲಿ ನಾವು ಕೊಳ್ಳುವ ಒಂದು ಕೆ.ಜಿ. ಬೆಲ್ಲ ವಸ್ತುವಿನ ಲೆಕ್ಕ. ಆ ಬೆಲ್ಲ ಅಂಗೈಯನ್ನು ಕೆಳಕ್ಕೆ ಒತ್ತುತ್ತದಲ್ಲ, ಅದು ಬಲ. ಆ ಒತ್ತುವಿಕೆಗೆ ಹಳಬರು ಕೆ.ಜಿ. ಬಲ ಅಂತ ಹೆಸರಿಟ್ಟರು, ಸಾವಿರ ಸೇರಿದರೆ ಟನ್ ಬಲ. ಆಡುಮಾತಿನಲ್ಲಿ 'ಬಲ' ಉದುರಿಹೋಗಿ ಬರೀ ಟನ್ ಉಳಿಯಿತು. ಗೊಂದಲದ ಅರ್ಧ ಪಾಲು ಇಷ್ಟೇ. ಒಂದು ಕೆ.ಜಿ. ಬಲ ಅಂದರೆ 9.80665 ನ್ಯೂಟನ್. ಇದರ ಹಿಂದಿರುವ ಗುರುತ್ವದ ಬೆಲೆಯನ್ನು 1901ರಲ್ಲೇ ಅಂತರರಾಷ್ಟ್ರೀಯ ತೂಕ ಅಳತೆಗಳ ಸಮ್ಮೇಳನ ನಿಗದಿ ಮಾಡಿಬಿಟ್ಟಿದೆ. ಹಾಗಾಗಿ 57 ಟನ್ ಅಂದರೆ 559 ಕಿಲೋನ್ಯೂಟನ್, 570 ಅಲ್ಲ. ಹತ್ತರಿಂದ ಗುಣಿಸಿದರೆ ಶೇ. 2ರಷ್ಟು ಸುಮ್ನೆ ಜಾಸ್ತಿಯಾಗುತ್ತದೆ. ಕ್ರೇನಿನವನಿಗೆ ಬಾಯಿಲೆಕ್ಕ ಹೇಳುವಾಗ ಅದು ನಡೆಯುತ್ತದೆ. ಗಡಿಯಲ್ಲಿ ನಿಂತ ಕ್ಯೂಬಿಗೆ ನಡೆಯುವುದಿಲ್ಲ.

"ಐ.ಎಸ್. ಕೋಡಿನವರೇ ಹತ್ತು ಹಿಡಿದಿದ್ದಾರಲ್ಲ ಸಾರ್" ಅಂದರು ಸೈಟ್ ಎಂಜಿನಿಯರ್. ಮಾತಿನಲ್ಲಿ ಹುರುಳಿತ್ತು. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456ರ 1964ರ ಆವೃತ್ತಿಯಲ್ಲಿ ಎಂ200 ಅಂತ ಇತ್ತು, ಚದರ ಸೆಂ.ಮೀ.ಗೆ 200 ಕೆ.ಜಿ. ಅಂತ ಅರ್ಥ. 1978ರಲ್ಲಿ ನ್ಯೂಟನ್‌ಗೆ ಬದಲಾದಾಗ ಅದರ ಜಾಗಕ್ಕೆ ಎಂ20 ಬಂತು. ಸರಿಯಾಗಿ ಪರಿವರ್ತಿಸಿದರೆ 19.6 ಬರಬೇಕಿತ್ತು. ಆದರೆ ಅವರು ಮಾಡಿದ್ದು ಪರಿವರ್ತನೆಯಲ್ಲ, ಹೊಸ ದರ್ಜೆಯನ್ನೇ ಗೊತ್ತು ಮಾಡಿದರು. ಆ ಅಧಿಕಾರ ಕೋಡ್ ಬರೆಯುವವರಿಗಿದೆ. ಮುಳ್ಳು ನೋಡಿ ಬರೆದುಕೊಳ್ಳುವ ನನಗಿಲ್ಲ.

ಇದಕ್ಕಿಂತ ದೊಡ್ಡ ಗುಂಡಿ 'ಟನ್' ಅನ್ನುವ ಪದದಲ್ಲೇ ಇದೆ. ಒಮ್ಮೆ ಪರಿಚಯದವರೊಬ್ಬರು ಅಮೆರಿಕದ ಸೆಕೆಂಡ್ ಹ್ಯಾಂಡ್ ಹೈಡ್ರಾಲಿಕ್ ಪ್ರೆಸ್ ಕೊಂಡಿದ್ದರು. ತಗಡಿನ ಮೇಲೆ 50 ಟನ್ ಅಂತಿತ್ತು. ಗೇಜಿನ ಪೂರ್ತಿ ಒತ್ತಡ ಕೊಟ್ಟರೂ ಬಲ ಅಳೆಯುವ ನಮ್ಮ ಲೋಡ್ ಸೆಲ್‌ನಲ್ಲಿ 445 ಕಿಲೋನ್ಯೂಟನ್ ದಾಟಲಿಲ್ಲ. ಸೀಲ್ ಹೋಗಿದೆ ಅಂತ ಬಿಚ್ಚಲು ಹೊರಟಿದ್ದರು, ನಾನೇ ತಡೆದೆ. ಅಮೆರಿಕದ ಟನ್‌ಗೆ 2,000 ಪೌಂಡ್, ಒಂದು ಪೌಂಡ್ ಬಲಕ್ಕೆ 4.448 ನ್ಯೂಟನ್. ಗುಣಿಸಿ ನೋಡಿದರೆ 444.8. ಪ್ರೆಸ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು, ಪಾಪ. ನಮ್ಮ ಟನ್ ಅಂದುಕೊಂಡು 490 ಕೇಳಿದ್ದು ಅವರ ತಪ್ಪು. ಹಳೆಯ ಬ್ರಿಟಿಷ್ ಯಂತ್ರವಾದರೆ ಇನ್ನೊಂದು ಕಥೆ. ಅಲ್ಲಿ ಟನ್‌ಗೆ 2,240 ಪೌಂಡ್, 9.964 ಕಿಲೋನ್ಯೂಟನ್.

ತೂಕದ ಕಲ್ಲು ನೇತುಹಾಕಿ ಲೋಡ್ ಸೆಲ್ ಪರೀಕ್ಷಿಸುವವರಿಗೆ ಮತ್ತೊಂದು ಮಾತು. ಬೆಂಗಳೂರಿನ ಗುರುತ್ವ ಕೆ.ಜಿ.ಗೆ ಸುಮಾರು 9.78 ನ್ಯೂಟನ್. ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ, ಜೊತೆಗೆ 900 ಮೀಟರ್ ಎತ್ತರದಲ್ಲಿದ್ದೇವೆ. ಹಾಗಾಗಿ 100 ಕೆ.ಜಿ. ಕಲ್ಲು ಇಲ್ಲಿ ಎಳೆಯುವುದು 978 ನ್ಯೂಟನ್ ಮಾತ್ರ, ಪುಸ್ತಕದ 980.7 ಅಲ್ಲ. ಶೇ. 1ರಷ್ಟು ತಪ್ಪನ್ನು ಸಹಿಸುವ ಕ್ಯೂಬ್ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಸೂಕ್ಷ್ಮವಾದ ಲೋಡ್ ಸೆಲ್‌ಗೆ ಲೆಕ್ಕಕ್ಕಿದೆ.

ಉಳಿದೆರಡು ಕ್ಯೂಬ್‌ಗಳು 59 ಮತ್ತು 60 ಟನ್‌ಗೆ ಒಡೆದವು. ಮೂರರ ಸರಾಸರಿ 25.57 ಬಂತು. ಒಂದೇ ಕ್ಯೂಬ್ ನೋಡಿ ಪಾಸು ಫೇಲು ಹೇಳುವ ಪದ್ಧತಿಯೂ ಇಲ್ಲ. ಆದರೂ ವರದಿಯಲ್ಲಿ ಟನ್‌ಗೊಂದು ಕಾಲಂ, ಪಕ್ಕದಲ್ಲಿ ಕಿಲೋನ್ಯೂಟನ್‌ಗೊಂದು ಕಾಲಂ ಹಾಕಿಸಿ ಸಹಿ ಮಾಡಿದೆ. ಸೈಟ್ ಎಂಜಿನಿಯರ್ ಅದನ್ನು ಎರಡು ಸಲ ಓದಿದರು. ಆಮೇಲೆ ಹಳೆಯ ಡಯಲ್ ಹತ್ತಿರ ಹೋಗಿ ಒಂದು ಫೋಟೋ ತೆಗೆದುಕೊಂಡರು.