ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸ್ಪಿರಿಟ್‌ಗೆ ಬಗ್ಗುತ್ತಾ?

ಇಂಜೆಕ್ಷನ್‌ಗೆ ಮುಂಚೆ ಸ್ಟೀಲ್ ಡಬ್ಬಿಯಿಂದ ಸ್ಪಿರಿಟ್‌ನಲ್ಲಿ ನೆನೆದ ಹತ್ತಿ ಉಂಡೆ ತೆಗೆದು, ತೋಳಿಗೆ ಒಂದು ಸಲ ಒರೆಸಿ, ತಣ್ಣಗಿರುವಾಗಲೇ ಸೂಜಿ ಚುಚ್ಚುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಹತ್ತಿ ನೆನೆಸಿಡಲೇಬೇಡಿ ಎನ್ನುತ್ತದೆ. ದಿನವಿಡೀ ಬೆರಳು ಹಾಕಿ ತೆಗೆಯುವ ಡಬ್ಬಿಗೆ ಕೈಯಲ್ಲಿರುವ ರೋಗಾಣುಗಳೂ ಇಳಿಯುತ್ತವೆ.

ಚರ್ಮದ ಮೇಲಿನ ರೋಗಾಣು ಕೊಲ್ಲುವ ಸ್ಪಿರಿಟ್‌ನಂಥ ಆಂಟಿಸೆಪ್ಟಿಕ್‌ಗಳ ಕಥೆ ಶುರುವಾಗಿದ್ದು ಕೈಯಿಂದಲೇ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆಣ ಕೊಯ್ದ ಕೈಯಲ್ಲೇ ವೈದ್ಯ ವಿದ್ಯಾರ್ಥಿಗಳು ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಆ ಏಪ್ರಿಲ್‌ನಲ್ಲಿ ಅಲ್ಲಿ ನೂರಕ್ಕೆ ಸುಮಾರು 18 ಬಾಣಂತಿಯರು ಸತ್ತರು. ಡಾ. ಸೆಮ್ಮೆಲ್‌ವೈಸ್ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈ ತೊಳೆಸಿದರು, ಕೆಲವೇ ತಿಂಗಳಲ್ಲಿ ಸಾವು ಸುಮಾರು 2ಕ್ಕೆ ಇಳಿಯಿತು. 1865ರಲ್ಲಿ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾಲು ಮುರಿದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚಿ ಕೀವಾಗದಂತೆ ತಡೆದರು. ಆಮೇಲೆ ಪೆನಿಸಿಲಿನ್ ಬಂತು. ಗಮನವೆಲ್ಲ ಮಾತ್ರೆ, ಇಂಜೆಕ್ಷನ್ ಕಡೆಗೆ ಹೋಯಿತು.

ಆದರೆ ಬ್ಯಾಕ್ಟೀರಿಯಾ ಸುಮ್ನೆ ಕೂರಲಿಲ್ಲ. ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್ ಬಂದ ಎರಡೇ ವರ್ಷಕ್ಕೆ, 1961ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ (ಚರ್ಮ, ಮೂಗಿನಲ್ಲಿ ಇರುವ ಬ್ಯಾಕ್ಟೀರಿಯಾ) ಇಂಗ್ಲೆಂಡಿನಲ್ಲಿ ಸಿಕ್ಕಿತು. ಅದೇ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್.

ಇಂಥವು ಆಂಟಿಸೆಪ್ಟಿಕ್‌ಗೆ ಸಾಯುತ್ತವಾ? ಬಹುಮಟ್ಟಿಗೆ ಹೌದು. ಆಂಟಿಬಯೋಟಿಕ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಒಂದು ಜಾಗಕ್ಕೆ ಗುರಿಯಿಟ್ಟು ಹೊಡೆಯುತ್ತದೆ, ಆ ಜಾಗ ಬದಲಾದರೆ ಏಟು ತಪ್ಪಿತು. ಸ್ಪಿರಿಟ್ ಹಾಗಲ್ಲ, ಸಿಕ್ಕ ಪ್ರೋಟೀನನ್ನೆಲ್ಲ ಕೆಡಿಸುತ್ತದೆ. 1954ರಿಂದ ಬಳಕೆಯಲ್ಲಿರುವ ಕ್ಲೋರ್‌ಹೆಕ್ಸಿಡಿನ್ (ನಮ್ಮ ಸ್ಯಾವ್ಲಾನ್‌ನಲ್ಲಿ ಇರುವುದೂ ಅದೇ) ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹರಿಯುತ್ತದೆ. ಕೆಲವು ಸ್ಟ್ಯಾಫಿಲೋಕಾಕಸ್‌ಗಳಲ್ಲಿ ಇದನ್ನು ಹೊರಗೆ ದಬ್ಬುವ ಪಂಪುಗಳಿವೆ, ಕ್ಯುಎಸಿ ಎಂಬ ಜೀನ್‌ಗಳು ಅವನ್ನು ಕಟ್ಟುತ್ತವೆ. ಆದರೆ 4% ದ್ರಾವಣದ ಒಂದು ಮಿಲಿಲೀಟರಿನಲ್ಲಿ 40 ಮಿಲಿಗ್ರಾಂ ಔಷಧ ಇರುತ್ತದೆ. ಈ ಪಂಪುಗಳು ತಡೆಯುವುದು ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. 2013ರಲ್ಲಿ ಅಮೆರಿಕದ 43 ಆಸ್ಪತ್ರೆಗಳ ಪೈಕಿ ಒಂದು ಗುಂಪಿನಲ್ಲಿ ಐಸಿಯು ರೋಗಿಗಳ ಮೈಯನ್ನು ದಿನಾ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಒರೆಸಿ, ಮೂಗಿಗೆ ಮುಪಿರೋಸಿನ್ ಎಂಬ ಆಂಟಿಬಯೋಟಿಕ್ ಮುಲಾಮು ಹಚ್ಚಿದ ಪ್ರಯೋಗದ ಫಲಿತಾಂಶ ಬಂತು. ರಕ್ತದ ಸೋಂಕು 44% ಕಡಿಮೆಯಾಗಿತ್ತು.

ಹಾಗಾದರೆ ಚಿಂತೆ ಏಕೆ? ನೀರು ಬೆರೆತು ತೆಳುವಾದ ಬಾಟಲಿ, ಅರ್ಧಂಬರ್ಧ ಒರೆಸಿದ ಚರ್ಮ, ಇಂಥ ಕಡೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಪಳಗುತ್ತವೆ. ನಮ್ಮ ಐಸಿಯುಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾವನ್ನು ಬ್ರಿಟನ್ನಿನ ಪ್ರಯೋಗಾಲಯವೊಂದರಲ್ಲಿ ಕ್ಲೋರ್‌ಹೆಕ್ಸಿಡಿನ್‌ಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿದಾಗ, ಅದರ ಕೆಲವು ತಳಿಗಳು ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೂ ಬಗ್ಗಲಿಲ್ಲ. 2017ರ ಈ ವರದಿ ಓದಿ ನನಗೆ ನಿಜಕ್ಕೂ ಭಯವಾಯಿತು. ಮರುವರ್ಷ ಮೆಲ್ಬರ್ನ್‌ನಿಂದ ಇನ್ನೊಂದು ಸುದ್ದಿ: ಅಲ್ಲಿನ ಎರಡು ಆಸ್ಪತ್ರೆಗಳ ಎಂಟರೋಕಾಕಸ್ ಫೀಸಿಯಮ್ (ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾ) ಮಾದರಿಗಳಲ್ಲಿ 2010ರ ನಂತರದವು ಹಳೆಯವಕ್ಕಿಂತ ಆಲ್ಕೋಹಾಲನ್ನು ಜಾಸ್ತಿ ತಾಳುತ್ತಿದ್ದವು. ಆ ಪರೀಕ್ಷೆಯಲ್ಲಿ ಬಳಸಿದ್ದು 23% ಆಲ್ಕೋಹಾಲ್, ಆಸ್ಪತ್ರೆಯಲ್ಲಿ ಕೈಗೆ ಉಜ್ಜಿಕೊಳ್ಳುವ ಹ್ಯಾಂಡ್ ರಬ್‌ನಲ್ಲಿ ಇರುವುದು ಸುಮಾರು 70%. ಹಾಗಾಗಿ ಹ್ಯಾಂಡ್ ರಬ್ ಬಿಡುವ ಮಾತೇ ಇಲ್ಲ. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಕಗಳಿಗೆ (ಗಟ್ಟಿ ಕವಚದ ಸುಪ್ತ ರೂಪಗಳಿಗೆ) ಮಾತ್ರ ಅದು ಯಾವತ್ತೂ ನಾಟಿದ್ದಿಲ್ಲ, ಅಲ್ಲಿ ಸೋಪು ನೀರೇ ಗತಿ.

ಚರ್ಮವನ್ನು 60ರಿಂದ 70% ಆಲ್ಕೋಹಾಲ್‌ನಲ್ಲಿ 30 ಸೆಕೆಂಡು ಒರೆಸಿ, ಇನ್ನೊಂದು 30 ಸೆಕೆಂಡು ಆರಲು ಬಿಡಬೇಕು. ಗಡಿಬಿಡಿಯ ವಾರ್ಡಿನಲ್ಲಿ ಮೊದಲು ತಪ್ಪಿಹೋಗುವುದು ಈ ಒಂದು ನಿಮಿಷವೇ. ಮೊನ್ನೆ ಅಮ್ಮನಿಗೆ ಡ್ರಿಪ್ ಹಾಕುವಾಗ, "ಸಿಸ್ಟರ್, ಸ್ವಲ್ಪ ಆರಲಿ" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸೂಜಿಯನ್ನು ಮೇಲಕ್ಕೆ ಹಿಡಿದು, ಅಮ್ಮನ ಕೈಯ ಮೇಲಿನ ಹೊಳಪು ಪೂರ್ತಿ ಹೋಗುವವರೆಗೆ ನಿಂತರು.