ಮಹಿಳೆಯರ ಓಮ್ನಿಯಂ: ನಾಲ್ಕು ಓಟ, ಎರಡು ಬಗೆಯ ಅಂಕ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಿ.ಪಿ.ಎಡ್. ಓದುವವರಲ್ಲಿ ವೆಲೊಡ್ರೋಮ್ (ಓರೆ ಗೋಡೆಯ ಸೈಕಲ್ ಟ್ರ್ಯಾಕ್) ಕಣ್ಣಾರೆ ಕಂಡವರು ಕಡಿಮೆ. ಹಾಗಾಗಿ ಓಮ್ನಿಯಂ, ಅಂದರೆ ಹಲವು ಸೈಕಲ್ ಓಟಗಳ ಅಂಕ ಕೂಡಿಸಿ ಗೆದ್ದವರನ್ನು ಹೇಳುವ ಸ್ಪರ್ಧೆಯ ಪಾಠ ಬಂದಾಗ ಓಟಗಳ ಹೆಸರು ಬಾಯಿಪಾಠವಾಗುತ್ತದೆ, ಲೆಕ್ಕ ಮಾತ್ರ ಕೈಗೆ ಸಿಗುವುದಿಲ್ಲ. ತಪ್ಪು ಬಹುತೇಕ ಒಂದೇ ಜಾಗದಲ್ಲಿ ಆಗುತ್ತದೆ. ಓಟದೊಳಗೆ ಸಿಗುವ ಅಂಕ ಒಂದು, ಓಟ ಮುಗಿದ ಮೇಲೆ ಸ್ಥಾನಕ್ಕೆ ಸಿಗುವ ಅಂಕ ಇನ್ನೊಂದು. ಇವೆರಡನ್ನೂ ಒಂದೇ ಕಾಲಂನಲ್ಲಿ ಬರೆದರೆ ಇಡೀ ಶೀಟು ಕೆಟ್ಟಂತೆಯೇ.

2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಓಮ್ನಿಯಂ ಎಂದರೆ ಎರಡು ದಿನದ ಆರು ಸ್ಪರ್ಧೆ. ಎರಡೂ ಸಲ ಚಿನ್ನ ಗೆದ್ದವರು ಬ್ರಿಟನ್‌ನ ಲಾರಾ ಟ್ರಾಟ್ (ಮದುವೆಯ ನಂತರ ಲಾರಾ ಕೆನ್ನಿ). ಆಮೇಲೆ ಗಡಿಯಾರದ ವಿರುದ್ಧ ಓಡುವ ಸ್ಪರ್ಧೆಗಳನ್ನು ತೆಗೆದು, ಎಲ್ಲರೂ ಒಟ್ಟಿಗೆ ಓಡುವ ನಾಲ್ಕನ್ನು ಒಂದೇ ದಿನಕ್ಕೆ ಇಟ್ಟರು. ಹಳೆಯ ಗೈಡುಗಳಲ್ಲಿ ಇನ್ನೂ ಆರೇ ಇದೆ, ನೋಡಿಕೊಳ್ಳಿ.

ಈಗಿನ ಕ್ರಮ ಹೀಗೆ: ಸ್ಕ್ರ್ಯಾಚ್, ಟೆಂಪೊ, ಎಲಿಮಿನೇಷನ್, ಪಾಯಿಂಟ್ಸ್. ಮಹಿಳೆಯರಿಗೆ ಸ್ಕ್ರ್ಯಾಚ್ ಮತ್ತು ಟೆಂಪೊ ತಲಾ 7.5 ಕಿ.ಮೀ., ಎಂದರೆ 250 ಮೀಟರ್ ಟ್ರ್ಯಾಕ್‌ನಲ್ಲಿ 30 ಸುತ್ತು. ಪಾಯಿಂಟ್ಸ್ 20 ಕಿ.ಮೀ., 80 ಸುತ್ತು. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ಗೆ ಹೋಲಿಸಿದರೆ ಕೊನೆಯ ಓಟವೊಂದೇ ಸರಿಯಾಗಿ 50 ಸುತ್ತು.

ಸೈಕಲ್ ಬಗ್ಗೆ ಎರಡು ಮಾತು. ನಂದಿಬೆಟ್ಟ ಇಳಿಯುವವರು ಪೆಡಲ್ ನಿಲ್ಲಿಸಿ ಆರಾಮವಾಗಿ ಜಾರಿಕೊಂಡು ಬರುತ್ತಾರಲ್ಲ, ಟ್ರ್ಯಾಕ್ ಸೈಕಲ್‌ನಲ್ಲಿ ಅದು ಆಗದು. ಫ್ರೀವೀಲ್ ಇಲ್ಲ, ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಬ್ರೇಕ್ ಇಲ್ಲ, ಗೇರ್ ಒಂದೇ. ಮುಂದೆ 56 ಹಲ್ಲು, ಹಿಂದೆ 15 ಎಂದುಕೊಳ್ಳಿ. 56ನ್ನು 15ರಿಂದ ಭಾಗಿಸಿದರೆ 3.73, ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಒಂದು ಪೆಡಲ್ ಸುತ್ತಿಗೆ 7.84 ಮೀಟರ್. ನಿಮಿಷಕ್ಕೆ 110 ಸಲ ತುಳಿದರೆ ಗಂಟೆಗೆ ಸುಮಾರು 52 ಕಿ.ಮೀ. ವೇಗ ಕಡಿಮೆ ಮಾಡಬೇಕೆಂದರೆ ಕಾಲಿನಿಂದ ಪೆಡಲ್ ತಡೆಯಬೇಕು, ಇಲ್ಲವೇ ಓರೆ ಗೋಡೆಯ ಮೇಲಕ್ಕೆ ಹತ್ತಬೇಕು. ಗುಂಪಿನಲ್ಲಿ ಬೀಳುವುದು ಯಾಕೆ ಹೆಚ್ಚು ಎಂಬುದಕ್ಕೆ ಇಲ್ಲೇ ಉತ್ತರವಿದೆ: ಮುಂದಿನವಳ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಸೇರಿಕೊಂಡಾಗ ಆಕೆ ಸ್ವಲ್ಪ ಹೊರಳಿದರೂ ತಪ್ಪಿಸಿಕೊಳ್ಳಲು ಬ್ರೇಕ್ ಇರುವುದಿಲ್ಲ. ಟೋಕಿಯೊ ಕೂಟದಲ್ಲಿ ಸ್ಕ್ರ್ಯಾಚ್ ಓಟದ ಕೊನೆಯಲ್ಲಿ ಹಲವರು ಒಬ್ಬರ ಮೇಲೊಬ್ಬರು ಬಿದ್ದರು. ಬಿದ್ದವರಲ್ಲಿ ಲಾರಾ ಕೆನ್ನಿಯೂ ಇದ್ದರು. ಆ ಸಲ ಅವರಿಗೆ ಓಮ್ನಿಯಂ ಪದಕ ಸಿಗಲಿಲ್ಲ.

ಮೊದಲ ಮೂರು ಓಟ

ಮೂರಕ್ಕೂ ಸ್ಥಾನದ ಅಂಕ ಒಂದೇ: ಮೊದಲನೆಯವಳಿಗೆ 40, ಎರಡನೆಯವಳಿಗೆ 38, ಹೀಗೆ ಎರಡೆರಡು ಇಳಿದು 20ನೇ ಸ್ಥಾನಕ್ಕೆ 2. ಅದರ ಕೆಳಗಿನ ಎಲ್ಲರಿಗೂ 1. ಕೋಷ್ಟಕ ಬೇಕಿಲ್ಲ, ಸ್ಥಾನವನ್ನು ದುಪ್ಪಟ್ಟು ಮಾಡಿ 42ರಿಂದ ಕಳೆಯಿರಿ. ಏಳನೇ ಸ್ಥಾನವಾದರೆ 42ರಲ್ಲಿ 14 ಹೋಗಿ 28.

ಸ್ಕ್ರ್ಯಾಚ್ ಸುಲಭ. ನಡುವೆ ಅಂಕವಿಲ್ಲ, ಕೊನೆಗೆ ಯಾರು ಮೊದಲು ಅಷ್ಟೇ. ಯಾರಾದರೂ ಗುಂಪಿಗಿಂತ ಒಂದು ಸುತ್ತು ಮುಂದೆ ಹೋಗಿದ್ದರೆ ಆಕೆ ಉಳಿದವರಿಗಿಂತ ಮೇಲೆ.

ಟೆಂಪೊದಲ್ಲಿ ಮೊದಲ ನಾಲ್ಕು ಸುತ್ತಿಗೆ ಅಂಕವಿಲ್ಲ. ಐದನೆಯದರಿಂದ ಪ್ರತಿ ಸುತ್ತಿನಲ್ಲೂ ಗೆರೆ ಮೊದಲು ದಾಟಿದ ಒಬ್ಬಳಿಗೆ 1 ಅಂಕ. ಉಳಿದ ಸುತ್ತು ತೋರಿಸುವ ಫಲಕದಲ್ಲಿ 25 ಕಂಡಾಗ ಶುರು, 0 ಕಂಡಾಗ ಕೊನೆ. ಒಟ್ಟು 26 ಅಂಕ. ಟೋಕಿಯೊ, ಪ್ಯಾರಿಸ್ ಕೂಟಗಳಲ್ಲಿ ಗುಂಪನ್ನು ಒಂದು ಸುತ್ತು ಹಿಂದೆ ಹಾಕಿದವಳಿಗೆ 20 ಅಂಕ, ಸುತ್ತು ಕಳೆದುಕೊಂಡವಳಿಗೆ 20 ಕಡಿತ ಇತ್ತು. ಈಗ ಮುಖ್ಯ ವಿಷಯ: ಈ ಅಂಕವೆಲ್ಲ ಟೆಂಪೊ ಒಳಗಿನ ಸ್ಥಾನ ಹೇಳುವುದಕ್ಕೆ ಮಾತ್ರ. 31 ಅಂಕ ಗಳಿಸಿ ಮೊದಲ ಸ್ಥಾನ ಬಂದರೂ ಓಮ್ನಿಯಂ ಶೀಟಿಗೆ ಹೋಗುವುದು 40, 9 ಅಂಕದಲ್ಲಿ ಮೊದಲ ಸ್ಥಾನ ಬಂದರೂ 40. ಟೆಂಪೊ ಅಂಕ ಟೆಂಪೊದಲ್ಲೇ ಸಾಯುತ್ತದೆ.

ಎಲಿಮಿನೇಷನ್‌ನಲ್ಲಿ ಎರಡು ಸುತ್ತಿಗೊಮ್ಮೆ ಕೊನೆಯವಳು ಹೊರಗೆ. ಸ್ಪ್ರಿಂಟ್‌ನಲ್ಲಿ (ಗೆರೆ ಮೊದಲು ದಾಟುವ ಪೈಪೋಟಿಯಲ್ಲಿ) ನೋಡುವುದು ಮುಂಚಕ್ರದ ಮುಂದಿನ ಅಂಚು. ಇಲ್ಲಿ ನೋಡಬೇಕಾದ್ದು ಹಿಂಚಕ್ರದ ಹಿಂದಿನ ಅಂಚು. ಗೆರೆಯ ಮೇಲೆ ಮೂಗು ಮುಂದೆ ಚಾಚಿ ಪ್ರಯೋಜನವಿಲ್ಲ, ಸೈಕಲ್ ಪೂರ್ತಿ ದಾಟಬೇಕು. ಇಬ್ಬರೇ ಉಳಿದಾಗ ಮತ್ತೆ ಮುಂಚಕ್ರದ ಲೆಕ್ಕ. 22 ಜನ ಹೊರಟರೆ 20 ಸಲ ಹೊರಹಾಕುವುದು, ಆಮೇಲೆ ಅಂತಿಮ ಎರಡು ಸುತ್ತು. ಒಟ್ಟು 42 ಸುತ್ತು, 10.5 ಕಿ.ಮೀ.

ಹೊರಬೀಳುವವಳು ಯಾವಾಗಲೂ ದುರ್ಬಲಳೇ ಆಗಿರುವುದಿಲ್ಲ. ಹಿಂದೆ, ಒಳಗಿನ ಕಪ್ಪು ಗೆರೆಯ ಹತ್ತಿರ ಇರುವವಳಿಗೇ ಅಪಾಯ ಹೆಚ್ಚು. ಬೆಲ್ ಆದ ಮೇಲೆ ಉಳಿದವರು ಹೊರಗಿನಿಂದ ಮೇಲೇರಿ ಬಂದು ಮುಚ್ಚುತ್ತಾರೆ. ಮುಂದೆ ಚಕ್ರ, ಬಲಕ್ಕೆ ಚಕ್ರ, ಎಡಕ್ಕೆ ಟ್ರ್ಯಾಕ್‌ನ ಒಳ ಅಂಚಿನ ತಿಳಿನೀಲಿ ಪಟ್ಟಿ. ಆ ನೀಲಿ ಪಟ್ಟಿಯ ಮೇಲೆ ಹೋಗಿ ಮುಂದೆ ನುಗ್ಗಿದರೆ ತೀರ್ಪುಗಾರರು ಅದಕ್ಕೇ ಹೊರಹಾಕಬಹುದು. ಕಾಲಿನಲ್ಲಿ ಕಸುವು ಇದ್ದೂ ಹೋಗಲು ದಾರಿ ಇಲ್ಲ. ಮುಂದಿನಿಂದ ಮೂರು ನಾಲ್ಕನೇ ಜಾಗದಲ್ಲಿ, ಸ್ವಲ್ಪ ಮೇಲ್ಗಡೆ ಇರುವುದೇ ಕ್ಷೇಮ: ಗಾಳಿಮರೆಯೂ ಸಿಗುತ್ತದೆ, ಹೊರಗೆ ಬರಲು ದಾರಿಯೂ ಇರುತ್ತದೆ.

ಪಾಯಿಂಟ್ಸ್ ಓಟ: ಇಲ್ಲಿ ನೇರ ಕೂಡುವುದು

ನಾಲ್ಕನೆಯದಕ್ಕೆ ಸ್ಥಾನದ ಅಂಕವೇ ಇಲ್ಲ. ಮೂರು ಓಟದ ಮೊತ್ತ ಹೊತ್ತುಕೊಂಡೇ ಗೆರೆಗೆ ಬರುತ್ತಾರೆ, ಗಳಿಸಿದ್ದು ಆ ಮೊತ್ತಕ್ಕೆ ನೇರ ಸೇರುತ್ತದೆ. ಹತ್ತು ಸುತ್ತಿಗೊಂದು ಸ್ಪ್ರಿಂಟ್, ಒಟ್ಟು ಎಂಟು. ಮೊದಲ ನಾಲ್ವರಿಗೆ 5, 3, 2, 1. ಕೊನೆಯ ಸ್ಪ್ರಿಂಟ್‌ಗೆ ದುಪ್ಪಟ್ಟು, ಅಂದರೆ 10, 6, 4, 2. ಸುತ್ತು ಗಳಿಸಿದರೆ 20 ಸೇರುತ್ತದೆ, ಕಳೆದುಕೊಂಡರೆ 20 ಹೋಗುತ್ತದೆ.

ಕ, ಚ, ತ ಎಂಬ ಮೂವರನ್ನು ಇಟ್ಟುಕೊಂಡು ಮಾಡಿ ನೋಡೋಣ. ‘ಕ’ ಮೂರು ಓಟದಲ್ಲಿ 2, 5, 1ನೇ ಸ್ಥಾನ: 38, 32, 40 ಸೇರಿ 110. ‘ಚ’ 1, 9, 3: 40, 24, 36 ಸೇರಿ 100. ‘ತ’ 6, 1, 10: 30, 40, 22 ಸೇರಿ 92. ಹದಿನೆಂಟು ಅಂಕ ಹಿಂದಿರುವ ‘ತ’ಳನ್ನು ಯಾರೂ ಗಮನಿಸುವುದಿಲ್ಲ. ಏಳು ಸ್ಪ್ರಿಂಟ್ ಮುಗಿಯುವಷ್ಟರಲ್ಲಿ ‘ಕ’ 3, 2, 1 ಹೆಕ್ಕಿ 116 ಆಗಿದ್ದಾಳೆ. ‘ಚ’ 5, 3, 5 ಗೆದ್ದು 113. ‘ತ’ ಒಂದು ಸುತ್ತು ಗಳಿಸಿ 20, ಸ್ಪ್ರಿಂಟ್‌ಗಳಲ್ಲಿ 5, ಒಟ್ಟು 117 ಆಗಿ ಮುಂದೆ ಬಂದಿದ್ದಾಳೆ! ಕೊನೆಯ ಸ್ಪ್ರಿಂಟ್‌ನಲ್ಲಿ ‘ಚ’ ಎರಡನೆಯವಳಾದಳು, 6 ಸೇರಿ 119, ಚಿನ್ನ ಅವಳದೇ. ‘ಕ’ ಐದನೆಯವಳಾಗಿ ಸೊನ್ನೆ. ಮೂರನೇ ಸ್ಥಾನ ಹಿಡಿದಿದ್ದರೆ 4 ಸೇರಿ 120 ಆಗುತ್ತಿತ್ತು. ಎರಡು ಸ್ಥಾನದಲ್ಲಿ ಚಿನ್ನ ಹೋಗಿ ಕಂಚಾಯಿತು.

ಒಂದು ಸುತ್ತು ಎಂದರೆ ನಾಲ್ಕು ಸ್ಪ್ರಿಂಟ್ ಗೆದ್ದಷ್ಟು. ಆದರೂ ಎಲ್ಲರೂ ಅದಕ್ಕೇ ಹೋಗುವುದಿಲ್ಲ, ಒಬ್ಬಳೇ ಗಾಳಿ ಎದುರಿಸಿ ಗುಂಪಿನ ಬಾಲ ಹಿಡಿಯುವಷ್ಟರಲ್ಲಿ ಕಾಲು ಸೋತಿರುತ್ತದೆ. ಇಬ್ಬರು ಮೂವರು ಸರದಿಯಲ್ಲಿ ಮುಂದೆ ಬಂದು ಎಳೆದರೆ ಮಾತ್ರ ಲಾಭ. ಪದಕದ ಅಂತರ ಎಷ್ಟಿರುತ್ತದೆ ಎನ್ನುವುದಕ್ಕೆ ಟೋಕಿಯೊ ನೋಡಿ: ಅಮೆರಿಕದ ಜೆನಿಫರ್ ವಲೆಂಟೆ 124, ಜಪಾನಿನ ಯುಮಿ ಕಜಿಹಾರ 110, ನೆದರ್ಲೆಂಡ್ಸ್‌ನ ಕಿರ್ಸ್ಟನ್ ವೈಲ್ಡ್ 108. ಪ್ಯಾರಿಸ್‌ನಲ್ಲಿ ಮತ್ತೆ ವಲೆಂಟೆ, 144. ಪೋಲೆಂಡಿನ ಡಾರಿಯಾ ಪಿಕುಲಿಕ್ 131, ನ್ಯೂಜಿಲೆಂಡಿನ ಆಲಿ ವೊಲಾಸ್ಟನ್ 125.

ಅವಘಡ ಆದರೆ: ಬಿದ್ದದ್ದು, ಪಂಚರ್, ಮುಖ್ಯ ಭಾಗ ಮುರಿದದ್ದು, ಇವಷ್ಟೇ ಒಪ್ಪಿತ ಕಾರಣ. ಪಾಯಿಂಟ್ಸ್ ಓಟದಲ್ಲಿ ಹಾಗಾದವಳಿಗೆ 250 ಮೀಟರ್ ಟ್ರ್ಯಾಕ್‌ನಲ್ಲಿ ಐದು ಸುತ್ತು ಹೊರಗಿರಲು ವಿನಾಯಿತಿ. ಆಮೇಲೆ ಮೊದಲಿದ್ದ ಜಾಗಕ್ಕೇ ಸೇರಬೇಕು. ಕೊನೆಯ ಒಂದು ಕಿ.ಮೀ.ನಲ್ಲಿ ಆದರೆ ವಾಪಸ್ ಬರುವಂತಿಲ್ಲ.

ಬರೆದು ಕಲಿಯಲು

ಎಂಟು ಜನರಿಗೆ ನಂಬರ್ ಕಟ್ಟಿ, ಮೈದಾನದಲ್ಲಿ ನೂರು ಮೀಟರ್ ಸುತ್ತಿಗೆ ಕೋನ್ ಇಟ್ಟು ನಿಧಾನಕ್ಕೆ ಓಡಿಸಿ. ಸಿಂಥೆಟಿಕ್ ಟ್ರ್ಯಾಕ್ ಮೇಲೆ ಸೈಕಲ್ ಹತ್ತಿಸಬೇಡಿ. ಒಬ್ಬರು ಫಲಕ ಮತ್ತು ಬೆಲ್, ಒಬ್ಬರು ನಂಬರ್ ಕೂಗುವುದು, ಒಬ್ಬರು ಬರೆಯುವುದು. ಕೂಗುವವರು ಬರೆಯಬಾರದು, ಬರೆಯುವವರು ತಲೆ ಎತ್ತಬಾರದು. ಇದನ್ನು ಮುರಿದ ಕಡೆಯೇ ನಂಬರ್ ತಪ್ಪುತ್ತದೆ. ನಾಲ್ಕನೆಯವರೊಬ್ಬರು ಬೇಕು, ತಪ್ಪಿಸಿಕೊಂಡು ಮುಂದೆ ಹೋದವರ ಮೇಲೆ ಮಾತ್ರ ಕಣ್ಣಿಡಲು. ಮುಂದೆ ಹೋದವಳು ಗುಂಪಿನ ಬಾಲದ ಹತ್ತಿರ ಬಂದಾಗ ಹಿಂದೆ ಬಿದ್ದವಳಂತೆ ಕಾಣುತ್ತಾಳೆ, ಕೂಗುವವರು ಗುಂಪಿನ ಮೊದಲಿನವಳಿಗೆ 5 ಕೊಟ್ಟುಬಿಡುತ್ತಾರೆ.

ಅಂತಿಮ ಮೊತ್ತ ಸಮವಾದರೆ ಕೊನೆಯ ಸ್ಪ್ರಿಂಟ್‌ನಲ್ಲಿ ಯಾರು ಮುಂದೆ ಎಂದು ನೋಡುತ್ತಾರೆ. ಆದ್ದರಿಂದ ಅಲ್ಲಿ ಅಂಕ ಬಂದ ನಾಲ್ವರನ್ನು ಬರೆದು ಪೆನ್ನು ಕೆಳಗಿಡಬೇಡಿ, ಎಂಟನೆಯವಳು ಗೆರೆ ದಾಟುವವರೆಗೂ ಬರೆಯಿರಿ.